ಅರ್ಧ ಸುಲಿದ ಬೆಳ್ಳುಳ್ಳಿ

ಯಾನ್ಬುವಿನ ಸಣ್ಣ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಊರಿಗೆಲ್ಲ ಹರಡುವ, ಗಂಧಕವೂ ಸಮುದ್ರದ ಉಪ್ಪೂ ಬೆರೆತ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಎದೆ ತುಂಬ ಎಳೆದುಕೊಂಡೆ. ನನ್ನ ಪೆಟ್ಟಿಗೆ ದೂಡಿಕೊಂಡು ಬರುತ್ತಿದ್ದ ಪ್ರವೀಣ, ಅಂದರೆ ನನ್ನ ಮೊಮ್ಮಗಳು ನಿಶ್ಮಿತಾಳ ಗಂಡ, "ಎಂತ ಅಜ್ಜಿ, ಈ ವಾಸನೆಗೂ ಖುಷಿಯಾ?" ಎಂದು ನಕ್ಕ. ಖುಷಿಯೇ. ಕಾರಿನಲ್ಲಿ ನಿಶ್ಮಿತಾ ಕಾಯುತ್ತಿದ್ದಳು, ಅವಳ ಪಕ್ಕದಲ್ಲಿ ನಾನು ಅಷ್ಟರವರೆಗೆ ಫೋನಿನಲ್ಲಿ ಮಾತ್ರ ಕಂಡಿದ್ದ ಮರಿಮಗಳು. ಆ ಕೂಸನ್ನು ಕೈಗೆ ತೆಗೆದುಕೊಂಡಾಗ ನಗುವುದೋ ಅಳುವುದೋ ಗೊತ್ತಾಗದೆ, ಎಸಿ ಇಷ್ಟು ಜೋರು ಯಾಕೆ ಇಟ್ಟದ್ದು ಎಂದು ಪ್ರವೀಣನಿಗೆ ಸುಮ್ಮನೆ ಬೈದೆ. ಪಾಪ, ಅವನು ಎಸಿಯನ್ನೇ ನಿಲ್ಲಿಸಿಬಿಟ್ಟ.

ಆದರೆ ಆ ವಾಸನೆಯ ಬೆನ್ನಿಗೇ ಬಂದದ್ದು ನಾನು ಮೊದಲ ಸಲ ಇಲ್ಲಿಗೆ ಬಂದಿದ್ದ ಚಳಿಗಾಲ. ನಿಶ್ಮಿತಾ ಇನ್ನು ಯಾರ ಮುಂದೆಯೂ ಓದುವುದಿಲ್ಲ ಎಂದು ಪುಸ್ತಕ ಮುಚ್ಚಿಟ್ಟ ಚಳಿಗಾಲ.

ನಿಶ್ಮಿತಾ ನನ್ನ ಮಗಳ ಮಗಳು. ಆ ವರ್ಷ ಪ್ರವೀಣನ ಕಾರ್ಖಾನೆಯಲ್ಲಿ ಶಟ್‌ಡೌನ್ ಬಂತು. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಕಾಲಕ್ಕೆ ಹಾಗೆನ್ನುತ್ತಾರೆ. ಯಂತ್ರಕ್ಕೆ ಬಿಡುವು, ಮನುಷ್ಯರಿಗೆ ಇಲ್ಲ. ಅವನು ಬೆಳಕು ಹರಿಯುವ ಮೊದಲು ಹೋದರೆ ಕತ್ತಲಾದ ಮೇಲೆಯೇ ಬರುವುದು. ಮದುವೆಯಾಗಿ ಬಂದ ಹೊಸತರಲ್ಲಿ ಹುಡುಗಿ ಫ್ಲಾಟಿನಲ್ಲಿ ಒಬ್ಬಳೇ. ನನ್ನ ಮಗಳಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಅಮ್ಮ, ನೀವಾದರೂ ಹೋಗಿ ಬನ್ನಿ ಎಂದು ವಿಸಿಟ್ ವೀಸಾದಲ್ಲಿ ನನ್ನನ್ನು ಹತ್ತಿಸಿದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ವಿಮಾನದಲ್ಲಿ ಕೂತು ಬಂದೆ.

ಫ್ಲಾಟಿನಲ್ಲಿ ಜಗಲಿ ಇಲ್ಲ, ಅಂಗಳ ಇಲ್ಲ. ಧೂಳು ಬರುತ್ತದೆಂದು ಕಿಟಕಿಯ ಸಂದಿಗಳಿಗೆಲ್ಲ ಟೇಪು ಅಂಟಿಸಿದ್ದರು. ಎದುರಿನ ಬಾಗಿಲಿನವರು ಪಾಕಿಸ್ತಾನದವರು, ಲಿಫ್ಟಿನಲ್ಲಿ ಸಿಕ್ಕಿದರೆ ಒಂದು ಸಲಾಂ, ಅಷ್ಟೇ. ನಿಶ್ಮಿತಾ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುವಳು. ನಾನು ಹಾಲಿನ ಸೋಫಾದಲ್ಲಿ. ಮಧ್ಯಾಹ್ನದ ಹೊತ್ತು ಫ್ರಿಜ್ಜಿನ ಸದ್ದು ಫಕ್ಕನೆ ನಿಂತರೆ ಯಾರೋ ಮನೆ ಬಿಟ್ಟು ಹೋದ ಹಾಗೆ ಆಗುತ್ತಿತ್ತು. ಕೆಲಸವಾದರೂ ಉಂಟಾ ಎಂದರೆ, ಇಲ್ಲಿ ತೆಂಗಿನಕಾಯಿ ತುರಿದು ಬರುತ್ತದೆ, ಬೆಳ್ಳುಳ್ಳಿ ಸುಲಿದು ಬರುತ್ತದೆ, ಮೀನು ಕೊಯ್ದು ಬರುತ್ತದೆ. ನನ್ನ ಕೈಗಳನ್ನು ಎಲ್ಲಿಡಬೇಕು ಎಂದೇ ನನಗೆ ಗೊತ್ತಾಗುತ್ತಿರಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ ನಿಶ್ಮಿತಾಳ ಮೊದಲ ಕಥೆ ಪುಸ್ತಕ ಊರಿನಲ್ಲಿ ಅಚ್ಚಾಗಿತ್ತು. ಹಿಂದಿನ ಮುಚ್ಚಳದಲ್ಲಿ ಅವಳ ಫೋಟೊ. ನಾನು ಅದನ್ನು ಬಸ್ಸಿನ ಕಂಡಕ್ಟರನಿಗೂ ತೋರಿಸಿದ್ದೇನೆ. ಪುಸ್ತಕ ಬಂದರೆ ಬರೆಯುವವರ ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲವಂತೆ. ಪ್ರಕಾಶಕರು ವಾರಕ್ಕೊಮ್ಮೆ ಫೋನ್ ಮಾಡಿ, ಈಗಿನ ಕಾಲದಲ್ಲಿ ಬರೆದವರೇ ಹೋಗಿ ಜನರ ಮುಂದೆ ಓದಬೇಕು, ಅದರ ವೀಡಿಯೊ ಹೋಗಬೇಕು, ದನಿ ಕೇಳಿದರೆ ಜನ ಪುಸ್ತಕ ಹುಡುಕುತ್ತಾರೆ, ಇಲ್ಲದಿದ್ದರೆ ಅಂಗಡಿಯವರು ಪುಸ್ತಕದ ಕಟ್ಟು ಬಿಚ್ಚುವುದೂ ಇಲ್ಲ ಎನ್ನುತ್ತಿದ್ದರು. ಎರಡನೇ ಪುಸ್ತಕದ ಮಾತು ಎತ್ತಿದರೆ, ಮೊದಲು ನಾಲ್ಕು ಕಡೆ ಓದಿ ಎನ್ನುತ್ತಿದ್ದರು. ಅವಳಿಗೆ ಎರಡು ಕಡೆಯಿಂದ ಕರೆ ಬಂದಿತ್ತು. ಮೊದಲು ಯಾನ್ಬುವಿನಲ್ಲೇ ನಮ್ಮ ಊರಿನವರ ಕೂಟ, ಆಮೇಲೆ ದೂರದ ಉನೈಜಾದಲ್ಲಿ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ವಾಷಿಂಗ್ ಮೆಷಿನ್ನಿಗೆ ಓದಿ ಹೇಳುವಳು. ಹೊರಗಿನಿಂದ ನನಗೆ ಕೇಳುತ್ತಿತ್ತು. ದನಿ ಸುರುವಿನಲ್ಲಿ ಚೆನ್ನಾಗಿಯೇ ಇರುವುದು, ಹೋಗುತ್ತಾ ಹೋಗುತ್ತಾ ಮರಳಿಗೆ ಬಿದ್ದ ನೀರಿನ ಹಾಗೆ ಇಂಗಿ ಹೋಗುವುದು.

ಕಥೆ ಕೇಳುವುದು ನನಗೆ ಹೊಸತಲ್ಲ. ಶಾಲೆ ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ಬೀಡಿ ಕಟ್ಟುವ ಜಗಲಿಯಲ್ಲೇ. ಊಟವಾದ ಮೇಲೆ ನೆರೆಕರೆಯ ಹೆಂಗಸರೆಲ್ಲ ಒಂದು ಕಡೆ ಸೇರುವುದು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ನಮ್ಮಲ್ಲಿ ಚೆನ್ನಾಗಿ ಓದಲು ಬರುತ್ತಿದ್ದದ್ದು ಲಲಿತಕ್ಕನಿಗೆ. ವಾರಪತ್ರಿಕೆಯ ಧಾರಾವಾಹಿಯನ್ನು ಅವಳು ಓದುವುದು, ನಾವು ಕಟ್ಟುವುದು, ಅವಳ ಪಾಲಿನ ಬೀಡಿಯನ್ನೂ ನಾವೇ ಹಂಚಿಕೊಂಡು ಕಟ್ಟಿಕೊಡುವುದು. ಮನೆಯಲ್ಲಿ ತುಳು ಆಡುವ ನಮಗೆ ಕನ್ನಡವೆಂದರೆ ಲಲಿತಕ್ಕನ ದನಿ. ಅಲ್ಲಿ ಯಾರೂ ಓದುವವಳ ಮುಖ ನೋಡುವುದಿಲ್ಲ, ನೋಡಿದರೆ ಕತ್ತರಿ ಬೆರಳಿಗೆ ಬೀಳುತ್ತದೆ. ಕಣ್ಣು ಗೆರಸೆಯಲ್ಲಿ, ಕಿವಿ ಕಥೆಯಲ್ಲಿ. ಕಥೆ ಬಿಗಿಯಾಗಿದ್ದರೆ ಒಂದು ಹೊತ್ತಿಗೆ ಒಬ್ಬೊಬ್ಬಳ ಕೈ ನಿಲ್ಲುತ್ತಾ ಬರುತ್ತಿತ್ತು. ಸುತ್ತಿದ ಎಲೆ ಅರ್ಧದಲ್ಲೇ ಉಳಿಯುತ್ತಿತ್ತು. ಲಲಿತಕ್ಕನಿಗೆ ಬೇಕಾದದ್ದೇ ಅದು. ಸಂಜೆ ಕಟ್ಟಿದ್ದನ್ನು ಒಪ್ಪಿಸುವ ಬ್ರಾಂಚಿನಲ್ಲಿ ಬೀಡಿ ಕಡಿಮೆಯಾಯಿತೆಂದು ಬೈಸಿಕೊಂಡು ಬಂದು ನಾವು ಅವಳಿಗೆ ಬೈದರೆ, ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಮತ್ತೆ, ಕಂತು ಮುಗಿಯುವುದು ಯಾವಾಗಲೂ ಎದೆ ಹಿಡಿಯುವ ಜಾಗದಲ್ಲಿ. ಮುಂದೆ ಎಂತ ಎಂದು ಓದಿದವಳನ್ನು ಕೇಳಿ ಪ್ರಯೋಜನ ಇಲ್ಲ, ಅವಳಿಗೂ ಗೊತ್ತಿಲ್ಲ. ಮುಂದಿನ ವಾರದವರೆಗೆ ಕಾಯಬೇಕು.

ಬೀಡಿ ಬಿಟ್ಟು ವರ್ಷಗಳಾದರೂ, ಯಾರಾದರೂ ಓದಲು ಕೂತರೆ ನನ್ನ ತಲೆ ತನ್ನಷ್ಟಕ್ಕೇ ಬಗ್ಗುತ್ತದೆ, ಬೆರಳು ಸೆರಗಿನ ಅಂಚನ್ನು ಸುತ್ತತೊಡಗುತ್ತದೆ.

ಯಾನ್ಬುವಿನ ಕೂಟ ಊರ ಹೊರಗಿನ ಒಂದು ಇಸ್ತಿರಾಹಾದಲ್ಲಿ. ರಜೆಯ ದಿನ ಕಳೆಯಲಿಕ್ಕೆ ಬಾಡಿಗೆಗೆ ಕೊಡುವ, ಎತ್ತರದ ಗೋಡೆಯೊಳಗಿನ ಅಂಗಳ ಅದು. ಮಕ್ಕಳಿಗೆ ನಿಂಬೆ ಚಮಚದ ಓಟ, ಗಂಡಸರಿಗೆ ಹಗ್ಗಜಗ್ಗಾಟ, ಆಮೇಲೆ ಲಕ್ಕಿ ಡ್ರಾ. ಲಕ್ಕಿ ಡ್ರಾಕ್ಕೂ ಊಟಕ್ಕೂ ನಡುವೆ ನಿಶ್ಮಿತಾಳ ಓದು. ಮೈಕ್ ಹಿಡಿದಿದ್ದ ದಿವಾಕರಣ್ಣ ಎಂಬವರು, ಐದೇ ನಿಮಿಷ, ಯಾರೂ ಏಳಬಾರದು, ಬಿರಿಯಾನಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ತಮಾಷೆ ಮಾಡಿ ಅವಳನ್ನು ನಿಲ್ಲಿಸಿದರು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ.

ಅವಳು ಓದಿದ್ದು ಒಂದು ಫ್ಲಾಟಿನ ಹೆಂಗಸಿನ ಕಥೆ. ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಒಬ್ಬಳೇ. ದಿನಾ ಮಧ್ಯಾಹ್ನ ಅವಳ ಮಹಡಿಯಲ್ಲಿ ಲಿಫ್ಟು ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಯಾರೂ ಇಳಿಯುವುದಿಲ್ಲ. ಮೊದಲು ಅವಳಿಗೆ ಹೆದರಿಕೆ. ಆಮೇಲೆ ಅಭ್ಯಾಸ. ಆಮೇಲೆ ಆ ಹೊತ್ತಿಗೆ ತಲೆ ಬಾಚಿಕೊಂಡು ಕಾಯುವಷ್ಟು ಆಸೆ. ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಅವಳೇ ಒಳಗೆ ಕಾಲಿಡುತ್ತಾಳೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಅಲ್ಲಿಗೆ ನಿಶ್ಮಿತಾ ನಿಲ್ಲಿಸಿದಳು. ಥ್ಯಾಂಕ್ಸ್ ಎಂದು ಮೈಕ್ ಕೊಟ್ಟು ಬಂದು ಕೂತಳು. ಜನ ಚಪ್ಪಾಳೆ ತಟ್ಟಿ ಎದ್ದರು. ನಾನು ಮನಸ್ಸಿನಲ್ಲೇ ಭಲೇ ಎಂದೆ. ಎಂಥ ಜಾಗದಲ್ಲಿ ನಿಲ್ಲಿಸಿದಳು ಹುಡುಗಿ! ಲಲಿತಕ್ಕನ ವಾರಪತ್ರಿಕೆಯವರಿಗೂ ಇಷ್ಟು ಚೆನ್ನಾಗಿ ನಿಲ್ಲಿಸಲು ಬರುತ್ತಿರಲಿಲ್ಲ. ಮುಂದಿನ ಕಂತು ಬರುವ ಶುಕ್ರವಾರ ಇರಬೇಕು ಎಂದು ತಿಳಿದುಕೊಂಡು, ಕ್ರಮದಂತೆ ಏನೂ ಕೇಳದೆ, ಬಿರಿಯಾನಿ ತಿಂದು ಬಂದೆ.

ಆ ವಾರ ನಿಶ್ಮಿತಾ ಮಾತು ಬಿಟ್ಟಳು. ಕೋಪವಲ್ಲ, ಏನೋ ಒಂದು. ಅನ್ನ ಬಡಿಸುವಳು, ಮಾತ್ರೆ ಕೊಡುವಳು, ಕೋಣೆಗೆ ಹೋಗುವಳು. ಅಡುಗೆಮನೆಯಲ್ಲಿ ಓದುವುದೂ ನಿಂತಿತು. ವಾಷಿಂಗ್ ಮೆಷಿನ್ ತನ್ನಷ್ಟಕ್ಕೆ ತಿರುಗುತ್ತಿತ್ತು. ಉನೈಜಾದವರಿಗೆ ಅವಳು ಬರುವುದಿಲ್ಲ ಎಂದು ತಿಳಿಸಿದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿದೆ. ಆರೋಗ್ಯ ಸರಿ ಇಲ್ಲ ಎಂದಳು. ಪ್ರಕಾಶಕರ ಫೋನು ಬಂದರೆ ಬಡಿದುಕೊಳ್ಳಲು ಬಿಟ್ಟಳು. ಒಂದು ಸಂಜೆ ನನ್ನನ್ನು ಸಮುದ್ರದ ಬದಿಗೆ ಕರೆದುಕೊಂಡು ಹೋದಳು. ಕಲ್ಲು ಹಾಸಿದ ದಾರಿ, ಸಾಲು ದೀಪ, ಚಾಪೆ ಹಾಸಿ ಚಹಾ ಕುಡಿಯುವ ಸಂಸಾರಗಳು. ನಾವಿಬ್ಬರೂ ಒಂದು ಬೆಂಚಿನಲ್ಲಿ ಕೂತು ದೂರದ ಹಡಗುಗಳನ್ನು ನೋಡಿ, ಒಂದೂ ಮಾತಾಡದೆ, ಮನೆಗೆ ಬಂದೆವು. ನನ್ನ ಎತ್ತರಕ್ಕೆ ಬೆಳೆದ ಮೇಲೂ ನನ್ನ ಮಡಿಲಿಗೆ ತಲೆ ಇಟ್ಟು ಮಲಗುತ್ತಿದ್ದ ಹುಡುಗಿ ಅವಳು.

ಗುರುವಾರ ಸಂಜೆ ಅವಳು ಬಟ್ಟೆ ಮಡಚುತ್ತಿದ್ದಾಗ, ನಾಳೆ ಕಾರ್ಯಕ್ರಮ ಎಷ್ಟು ಹೊತ್ತಿಗೆ, ಯಾವ ಸೀರೆ ಉಡಲಿ ಎಂದು ಕೇಳಿದೆ.

"ಯಾವ ಕಾರ್ಯಕ್ರಮ ಅಜ್ಜಿ?"

"ನಿನ್ನ ಕಥೆಯ ಮುಂದಿನದ್ದು. ಅವಳು ಲಿಫ್ಟಿನೊಳಗೆ ಹೋದಳು, ಬಾಗಿಲು ಹಾಕಿತು. ಒಂದು ವಾರದಿಂದ ನನಗೆ ನಿದ್ರೆ ಇಲ್ಲ ಮಾರಾಯ್ತಿ. ಲಿಫ್ಟು ಮೇಲೆ ಹೋಯಿತಾ, ಕೆಳಗೆ ಹೋಯಿತಾ?"

ಅವಳ ಕೈಯಲ್ಲಿದ್ದ ಪ್ರವೀಣನ ಅಂಗಿ ಹಾಗೇ ಉಳಿಯಿತು. ನನ್ನ ಮುಖವನ್ನೇ ನೋಡಿದಳು. "ನೀವು ಕೇಳ್ತಾ ಇದ್ರಾ? ನೀವು ತಲೆ ಬಗ್ಗಿಸಿ ಜಪ ಮಾಡ್ತಾ ಕೂತಿದ್ರಿ ಅಲ್ವಾ. ಹಿಂದೆ ಎಲ್ಲರೂ ಫೋನು ನೋಡ್ತಿದ್ರು. ನಿಮ್ಮ ಮುಖ ನೋಡ್ತಾ ಓದುವ ಅಂತ ಹುಡುಕಿದೆ, ನೀವು ಒಂದು ಸಲ ಕೂಡ ತಲೆ ಎತ್ತಲಿಲ್ಲ. ನನ್ನ ಅಜ್ಜಿಗೇ ನಾಚಿಕೆ ಆಗ್ತಾ ಉಂಟು, ಬೇಗ ಮುಗಿಯಲಿ ಅಂತ ದೇವರನ್ನು ಕರೀತಿದ್ದಾರೆ ಅಂತ ನನಗೆ ಗಂಟಲು ಕಟ್ಟಿತು. ಅರ್ಧದಲ್ಲೇ ನಿಲ್ಲಿಸಿದೆ."

"ಎಂಥ ಜಪ? ಬೀಡಿ ಕಟ್ತಾ ಇದ್ದೆ," ಎಂದೆ.

ಆ ಜಗಲಿಯ ವಿಷಯ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳುವಂಥದ್ದು ಎಂದೇ ಅನ್ನಿಸಿರಲಿಲ್ಲ. ಅವತ್ತು ಬಟ್ಟೆಯ ರಾಶಿಯ ನಡುವೆ ಕೂತು ಎಲ್ಲ ಹೇಳಿದೆ. ಗೆರಸೆ, ಲಲಿತಕ್ಕ, ನಿಲ್ಲುವ ಕೈ, ಬ್ರಾಂಚಿನವನ ಬೈಗಳು, ಎಲ್ಲ. ಅವಳು ಅತ್ತಳೋ ನಕ್ಕಳೋ, ಎರಡನ್ನೂ ಪ್ರವೀಣನ ಅಂಗಿಯಲ್ಲಿ ಒರೆಸಿಕೊಂಡಳು. ಆಮೇಲೆ ಎದ್ದು ಪುಸ್ತಕ ತಂದು, ಉಳಿದದ್ದು ಈಗಲೇ ಓದುತ್ತೇನೆ ಎಂದು ಕೂತಳು.

ನನಗೆ ಕೇಳಬೇಕೆಂದು ಎಷ್ಟು ಆಸೆ ಇತ್ತು ಎಂದರೆ ಹೇಳಿ ಪೂರೈಸದು. ಆದರೂ ಬಾಯಿಯಿಂದ ಬೇರೆಯೇ ಬಂತು. "ನನಗೊಬ್ಬಳಿಗೆ ಬೇಡ. ಕಥೆ ಕೇಳಲಿಕ್ಕೆ ನಾಲ್ಕು ಜನ ಇರಬೇಕು. ಉನೈಜಾದಲ್ಲಿ ಓದು, ನಾನು ಬಂದು ಕೇಳ್ತೇನೆ."

ಅವಳು ಪುಸ್ತಕ ಮುಚ್ಚಿದಳು. ಅಲ್ಲಿಯೂ ಗಂಟಲು ಕಟ್ಟಿದರೆ ಇನ್ನು ಯಾವತ್ತೂ ಪುಸ್ತಕ ಹಿಡಿದು ನಿಲ್ಲಲಾರೆ ಎಂದಳು. ನನಗೂ ಅದೇ ಹೆದರಿಕೆ ಇತ್ತು, ತೋರಿಸಲಿಲ್ಲ. ಹಾಗಾದರೆ ಆ ಹೆಂಗಸು ಲಿಫ್ಟಿನೊಳಗೇ ಇರಲಿ ಬಿಡು ಎಂದೆ. ಮರುದಿನ ಬೆಳಿಗ್ಗೆ ಅವಳು ಉನೈಜಾಕ್ಕೆ ಫೋನ್ ಮಾಡಿ, ಆರೋಗ್ಯ ಸರಿಯಾಯಿತು ಎಂದಳು.

ನಾವು ಹೊರಡುವಷ್ಟರಲ್ಲಿ ಶಟ್‌ಡೌನ್ ಮುಗಿದು ಪ್ರವೀಣನಿಗೂ ರಜೆ ಸಿಕ್ಕಿತ್ತು. ಮದೀನಾದ ಹೊರಸುತ್ತಿನ ರಸ್ತೆ ಹಿಡಿದು, ಕಪ್ಪು ಕಲ್ಲುಗಳ ಬೆಟ್ಟ ದಾಟಿ, ಆಮೇಲೆ ಎಷ್ಟು ಹೋದರೂ ಮುಗಿಯದ ಬಯಲು. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಪುಸ್ತಕ ಇಟ್ಟುಕೊಂಡಿದ್ದಳು, ತೆರೆಯಲಿಲ್ಲ. ಉನೈಜಾ ಸಮೀಪಿಸಿದ ಹಾಗೆ ಖರ್ಜೂರದ ತೋಟಗಳು ಸಿಕ್ಕಿದವು. ಚಳಿ ನಮ್ಮ ಯಾನ್ಬುವಿಗಿಂತ ಜಾಸ್ತಿ. ನಾನು ಪ್ರವೀಣನ ಜಾಕೆಟ್ ಹಾಕಿಕೊಂಡು ಇಳಿದೆ.

ಕರೆದಿದ್ದವಳು ಮೈಮುನಾ, ಪುತ್ತೂರು ಕಡೆಯ ಬ್ಯಾರಿ ಹೆಂಗಸು. ಅವಳ ಗಂಡನಿಗೆ ಅಲ್ಲಿ ವಾಹನದ ಬಿಡಿಭಾಗಗಳ ಅಂಗಡಿ. ಅವರ ಮನೆಯ ಮಜ್ಲಿಸಿನಲ್ಲಿ, ಅಂದರೆ ಎದುರಿನ ದೊಡ್ಡ ಬೈಠಕ್ಕಿನಲ್ಲಿ, ಮೈಕು, ಸ್ಪೀಕರು, ಹಿಂದೆ ನಿಶ್ಮಿತಾಳ ಫೋಟೊ ಇರುವ ಬ್ಯಾನರು. ಗಂಡಸರೆಲ್ಲ ಬಂದು ಕೂತಾಗಿತ್ತು. ಹೆಂಗಸರು ಮಾತ್ರ ಅಡುಗೆಮನೆಯಲ್ಲಿ ನೆಲದ ಮೇಲೆ ಸುತ್ತ ಕೂತು ಅಷ್ಟೂ ಜನರ ಊಟಕ್ಕೆ ಈರುಳ್ಳಿ ಕೊಯ್ಯುತ್ತಿದ್ದರು. ಹೊರಗಿನಿಂದ ಮೈಮುನಾಳ ಗಂಡ ಎರಡು ಸಲ ಕರೆದ. ಈರುಳ್ಳಿಯನ್ನು ನೀವು ಬಂದು ಕೊಯ್ಯಿರಿ, ನಾವು ಬಂದು ಕೂರುತ್ತೇವೆ ಎಂದು ಒಳಗಿನಿಂದ ಉತ್ತರ ಹೋಯಿತು. ಆಮೇಲೆ ಅವನು ಕರೆಯಲಿಲ್ಲ.

ನನಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಅಲ್ಲಿ ಸುಲಿಯದ ಬೆಳ್ಳುಳ್ಳಿ ಇತ್ತು. ಒಂದು ಬುಟ್ಟಿ ಎಳೆದುಕೊಂಡು ಗೋಡೆಗೆ ಒರಗಿ ಕೂತುಬಿಟ್ಟೆ.

ನಿಶ್ಮಿತಾ ಮಜ್ಲಿಸಿಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಮೈಕ್ ಹಿಡಿದು ನಿಂತಿದ್ದಳು. ಆ ಕಡೆ ಕುರ್ಚಿಗಳಲ್ಲಿ ಕಾಯುವ ಮುಖಗಳು, ಈ ಕಡೆ ಬಗ್ಗಿದ ತಲೆಗಳು. ಅವಳು ಮೈಕನ್ನು ಕೆಳಗಿಟ್ಟಳು. ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದು ಹೊಸ್ತಿಲ ಹತ್ತಿರವೇ, ನಮ್ಮ ಕಡೆಗೆ ಮುಖ ಮಾಡಿ ಕೂತಳು.

"ನೀವು ಕೊಯ್ತಾ ಇರಿ ಮೈಮುನಕ್ಕ. ನನ್ನನ್ನು ನೋಡುವುದು ಬೇಡ."

"ನಿನ್ನನ್ನು ನೋಡಿದ್ರೆ ಹೊಟ್ಟೆ ತುಂಬ್ತದಾ ಮಾರಾಯ್ತಿ? ನೀನು ಓದು," ಎಂದಳು ಮೈಮುನಾ.

ಸುರುವಿನಲ್ಲಿ ದನಿ ನಡುಗುತ್ತಿತ್ತು. ಚೂರಿಗಳ ಟಕ ಟಕ ಸದ್ದಿನಲ್ಲಿ ಅರ್ಧ ಮಾತು ಮುಳುಗಿ ಹೋಗುತ್ತಿತ್ತು. ನಾನು ತಲೆ ಎತ್ತಲಿಲ್ಲ. ಎತ್ತಬಾರದು ಎಂದು ಬೆಳ್ಳುಳ್ಳಿಯನ್ನೇ ನೋಡಿದೆ. ಲಿಫ್ಟು ಬಂತು, ನಿಂತಿತು, ಹೋಯಿತು. ಹೆಂಗಸು ತಲೆ ಬಾಚಿಕೊಂಡಳು. ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲು ಮುಚ್ಚಿಕೊಂಡಿತು. ಯಾನ್ಬುವಿನಲ್ಲಿ ನಿಂತ ಜಾಗ ಅದು. ಇಲ್ಲಿಯೂ ಅವಳು ನಿಂತಳು. ಆಗ ಒಂದು ಹಾಳೆ ಮಗುಚಿದ ಸದ್ದು ಕೇಳಿತು.

ಲಿಫ್ಟು ಮೇಲೆ ಹೋಯಿತು.

ಒಂದು ಚೂರಿ ನಿಂತಿತು. ಆಮೇಲೆ ಅದರ ಪಕ್ಕದ್ದು. ಮುಸಲಧಾರೆ ಮಳೆ ಬಿಡುವಾಗ ಮಾಡಿನ ಹನಿಗಳು ಒಂದೊಂದೇ ನಿಲ್ಲುವ ಹಾಗೆ ಸದ್ದು ಕಡಿಮೆಯಾಗುತ್ತಾ ಬಂತು. ಕೊನೆಗೆ ನಿಂತದ್ದು ಮೈಮುನಾಳ ಚೂರಿ. ಒಲೆಯ ಮೇಲೆ ಕಡಲೆ ಬೇಯಿಸಲು ಇಟ್ಟ ಕುಕ್ಕರು ಎಷ್ಟು ಸಲ ಕೂಗಿತೆಂದು ಯಾರೂ ಲೆಕ್ಕ ಇಡಲಿಲ್ಲ. ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದಾಗ, ಎದುರಿಗೆ ಇನ್ನೊಬ್ಬ ಹೆಂಗಸು ನಿಂತಿದ್ದಳು, ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು. ದಿನಾ ಲಿಫ್ಟಿನೊಳಗೆ ಕೈ ಚಾಚಿ ಕೆಳಗಿನ ಮಹಡಿಯ ಗುಂಡಿ ಒತ್ತಿ, ಖಾಲಿ ಲಿಫ್ಟನ್ನು ಕಳಿಸುತ್ತಿದ್ದವಳು ಅವಳೇ. ತಾನು ಇಳಿದು ಬರಲು ಧೈರ್ಯವಿಲ್ಲ. ಯಾರಾದರೂ ಹತ್ತಿ ಬಂದಾರೇನೋ ಎಂಬ ಆಸೆ.

ಓದು ಮುಗಿಯಿತು. ಚಪ್ಪಾಳೆ ಇಲ್ಲ. ಮಜ್ಲಿಸಿನ ಗಂಡಸರೂ ಯಾವಾಗಲೋ ಎದ್ದು ಬಂದು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದರು. ಮೈಮುನಾ ತಟ್ಟೆಯಿಂದ ಮುಖ ಎತ್ತಿದಳು. ಕಣ್ಣು ಒದ್ದೆ. "ಈರುಳ್ಳಿ ಅಂತ ಯಾರೂ ಹೇಳ್ಬೇಡಿ. ನಾನು ಕೊಯ್ಯುವುದು ಬಿಟ್ಟು ತುಂಬ ಹೊತ್ತಾಯ್ತು."

ಮೂಲೆಯಲ್ಲಿದ್ದ ಒಬ್ಬಳು ಸಣ್ಣ ಪ್ರಾಯದವಳು, ಅಷ್ಟರವರೆಗೆ ಬಾಯಿ ಬಿಡದವಳು, ನೆಲ ನೋಡುತ್ತಾ ಹೇಳಿದಳು: "ನಮ್ಮ ಬಿಲ್ಡಿಂಗಿನಲ್ಲಿ ಕೂಡ ಮೇಲೆ ಒಬ್ರು ಇದ್ದಾರೆ. ನಾನು ಇಷ್ಟರವರೆಗೆ ಹೋಗಿ ನೋಡ್ಲಿಲ್ಲ."

ಆ ದಿನ ಊಟ ತಡವಾಯಿತು, ಕಡಲೆ ಗಂಜಿಯಾಗಿತ್ತು. ಗಂಡಸರು ಅದನ್ನೇ ಅನ್ನಕ್ಕೆ ಕಲಸಿಕೊಂಡು ತಿಂದರು. ನನ್ನ ಸಂತೋಷ ಹೇಳಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ. ಎಲ್ಲರೂ ನಿಶ್ಮಿತಾಳನ್ನು ಸುತ್ತುವರಿದಿದ್ದರು. ತಂದಿದ್ದ ಪುಸ್ತಕಗಳೆಲ್ಲ ಖಾಲಿಯಾದವು. ನಾನು ಮೂಲೆಯಲ್ಲಿ ಒಬ್ಬಳೇ ಕೂತು ಲಲಿತಕ್ಕನನ್ನು ನೆನೆದೆ. ಅವಳು ತೀರಿಕೊಂಡು ಎಷ್ಟೋ ಕಾಲವಾಯಿತು. ಅವಳಿಗೆ ಹೇಳಬೇಕಿತ್ತು. ಅವಳೊಬ್ಬಳಿಗೆ ಬಿಡಿಸಿ ಹೇಳದೆಯೂ ಅರ್ಥವಾಗುತ್ತಿತ್ತು.

ವಾಪಸು ಬರುವಾಗ ಕಾರಿನಲ್ಲಿ ನಿಶ್ಮಿತಾ ಹಿಂದೆ ತಿರುಗಿ, ಹೇಗಿತ್ತು ಅಜ್ಜಿ ಎಂದು ಕೇಳಿದಳು. ನಾನು ಸೆರಗಿನ ಗಂಟು ಬಿಚ್ಚಿ ಅವಳ ಕೈಗೆ ಒಂದು ಬೆಳ್ಳುಳ್ಳಿ ಎಸಳು ಇಟ್ಟೆ. ಅರ್ಧ ಸುಲಿದದ್ದು. ಅವಳು ಅದನ್ನು ಯಾನ್ಬು ಬರುವವರೆಗೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಪ್ರವೀಣ, ಇದೆಂಥ ವಾಸನೆ ಕಾರಿನಲ್ಲಿ ಎಂದು ಗೊಣಗುತ್ತಾ ಗಾಜು ಇಳಿಸಿದ.

ಸ್ವಲ್ಪ ದಿನದಲ್ಲಿ ನನ್ನ ವೀಸಾ ಮುಗಿಯಿತು. ನಾನು ಊರಿಗೆ ಹೋದ ಮೇಲೆ ಅವಳು ಹಫ್ರ್ ಅಲ್ ಬಾತಿನಿನಲ್ಲಿ ಓದಿದಳು, ದಮ್ಮಾಮಿನಲ್ಲಿ ಓದಿದಳು, ಎರಡನೇ ಪುಸ್ತಕವೂ ಬಂತು. ಎಲ್ಲ ಓದನ್ನೂ ನಾನು ಫೋನಿನಲ್ಲಿ ಕೇಳಿದೆ. ಮಗಳು ಬ್ಯಾಂಕಿನಿಂದ ಬರುವ ಮುಂಚೆ, ಒಬ್ಬಳೇ. ಫೋನಿನಲ್ಲಿ ದನಿ ಬರುತ್ತದೆ, ಪಕ್ಕದವಳ ಕೈ ನಿಂತದ್ದು ಕೇಳುವುದಿಲ್ಲ.

ಈಗ ಇಲ್ಲಿದ್ದೇನೆ. ನಿಶ್ಮಿತಾ ನನಗೋಸ್ಕರ ಸುಲಿಯದ ಬೆಳ್ಳುಳ್ಳಿ ತಂದಿಟ್ಟಿದ್ದಾಳೆ. ನಿನ್ನೆ ಅವಳು ಹೆರಿಗೆಯ ನಂತರ ಮೊದಲ ಸಲ ಓದಲು ಪ್ರವೀಣನ ಜೊತೆ ಜಿದ್ದಾಕ್ಕೆ ಹೋದಳು. ಕೂಸನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ಬಾಗಿಲ ತನಕ ಹೋಗಿ ಮೂರು ಸಲ ಹಿಂದೆ ಬಂದಳು. ನಾನೇ ದೂಡಿ ಕಳಿಸಿದೆ. ಸಂಜೆ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ಕೂಸನ್ನು ಚಾಪೆಯ ಮೇಲೆ ಮಲಗಿಸಿ, ಬೆಳ್ಳುಳ್ಳಿ ಹಿಡಿದು ಕೂತೆ. ಹೊರಗೆ ಗಾಳಿ, ಅದೇ ವಾಸನೆ. ಇಡೀ ಫ್ಲಾಟಿನಲ್ಲಿ ನಾವಿಬ್ಬರೇ. ಈ ಕೂಸು ಎಚ್ಚರವಿದ್ದಷ್ಟು ಹೊತ್ತು ಕೈಕಾಲು ಬಡಿಯುತ್ತಲೇ ಇರುತ್ತದೆ, ಒಂದು ಗಳಿಗೆ ಸುಮ್ಮನಿರದು.

ಫೋನಿನಿಂದ ನಿಶ್ಮಿತಾಳ ದನಿ ಬಂತು. ನನ್ನ ತಲೆ ಬಗ್ಗಿತು. ಸ್ವಲ್ಪ ಹೊತ್ತಿನ ಮೇಲೆ ಚಾಪೆಯ ಕಡೆಯಿಂದ ಸದ್ದಿಲ್ಲ ಎನ್ನಿಸಿತು. ನೋಡಿದೆ. ಕೂಸಿನ ಎರಡು ಪುಟ್ಟ ಮುಷ್ಟಿಗಳು ಮೇಲಕ್ಕೆ ಹೋದಲ್ಲೇ, ಗಾಳಿಯಲ್ಲಿ, ನಿಂತಿದ್ದವು.

ಓದು ಮುಗಿದ ಕೂಡಲೇ ನಿಶ್ಮಿತಾ ಫೋನ್ ಮಾಡಿದಳು. ಹಾಲು ಕುಡಿದಳಾ, ತುಂಬ ಅತ್ತಳಾ ಎಂದು ಒಂದೇ ಉಸಿರಿಗೆ ಕೇಳಿದಳು.

"ಅಳಲಿಲ್ಲ. ನೀನು ಓದುವಾಗ ಅವಳ ಕೈ ನಿಂತಿತ್ತು," ಎಂದೆ.

ಅವಳ ಹಿಂದೆ ಜನರ ಗದ್ದಲ, ಯಾರೋ ಅವಳನ್ನು ಕರೆಯುವುದು ಕೇಳುತ್ತಿತ್ತು. ಹೋಗು, ಜನ ಕಾಯುತ್ತಿದ್ದಾರೆ ಎಂದು ನಾನೇ ಫೋನಿಟ್ಟೆ. ಕೈಯಲ್ಲಿದ್ದ ಬೆಳ್ಳುಳ್ಳಿಯ ಉಳಿದ ಅರ್ಧ ಆಮೇಲೆ ಸುಲಿದೆ.